‘ಗಡ್ಡಿ ಕಟ್ಟೈತ್ರಿ’ ಅಂದ ಮೇಲೆ

ಮೊದಲ ಟ್ಯೂಬು ನನ್ನ ಕೈಗೆ ಬಂದಾಗ ಬೆಳಗಿನ ಹತ್ತೂಕಾಲು. ನೀಲಿ ಮುಚ್ಚಳದ ಟ್ಯೂಬು. ರಕ್ತ ಗಡ್ಡೆ ಕಟ್ಟುವ ಪರೀಕ್ಷೆಗಳಿಗೆ ಬೇಕಾಗುವುದು ಇದೇ. ಒಳಗೆ ಮೊದಲೇ ಒಂದಿಷ್ಟು ಸಿಟ್ರೇಟ್ ದ್ರಾವಣ ಇರುತ್ತದೆ. ಒಂದು ಪಾಲು ದ್ರಾವಣಕ್ಕೆ ಒಂಬತ್ತು ಪಾಲು ರಕ್ತ, ಸರಿಯಾಗಿ ಗೆರೆಯ ತನಕ. ತುಂಬಿದ ಕೂಡಲೇ ನಾಲ್ಕೈದು ಸಲ ಮೆಲ್ಲಗೆ ಬುಡಮೇಲು ಮಾಡಬೇಕು. ಹಾಗೆ ಮಾಡಿದರೆ ನಾವು ಯಂತ್ರಕ್ಕೆ ಹಾಕುವವರೆಗೂ ಒಳಗಿನ ರಕ್ತ ನೀರಾಗಿಯೇ ಇರುತ್ತದೆ.

ಈ ಟ್ಯೂಬನ್ನು ಓರೆ ಮಾಡಿದೆ. ರಕ್ತ ಅಲುಗಲಿಲ್ಲ. ಕಟ್ಟಿಗೆಯ ಸಣ್ಣ ಕಡ್ಡಿ ಇಳಿಸಿ ಎತ್ತಿದರೆ ಕಿರುಬೆರಳ ಗಾತ್ರದ ಕೆಂಪು ಗಡ್ಡೆ ಕಡ್ಡಿಗೆ ಅಂಟಿಕೊಂಡು ಇಡಿಯಾಗಿ ಮೇಲೆ ಬಂತು.

ಜೊತೆಗಿದ್ದ ಚೀಟಿಯಲ್ಲಿ ಐಸಿಯು ಎಂದಿತ್ತು. ಗಂಡಸು, ನಲವತ್ತಾರು ವರ್ಷ, ಊರು ಹಮ್ಮಿಗಿ. ಬೆಳಿಗ್ಗೆ ಮುಂಡರಗಿಯಲ್ಲಿ ಕುರಿ ಮಾರಲು ನಿಂತಿದ್ದಾಗ ಕುಸಿದು ಬಿದ್ದ. ಹೃದಯ ನಿಂತಿತ್ತು. ಎದೆ ಒತ್ತಿ, ಶಾಕ್ ಕೊಟ್ಟು ಅಲ್ಲಿಯೇ ಬಡಿತ ಮರಳಿಸಿದರು. ಬಾಯಿಗೆ ಪೈಪು ಹಾಕಿ ಗದಗಿಗೆ ನಮ್ಮ ಆಸ್ಪತ್ರೆಗೆ ಕಳಿಸಿದರು. ಬಂದಾಗಿನಿಂದ ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗುತ್ತಿತ್ತು, ವಸಡಿನಿಂದಲೂ. ಐಸಿಯು ಡಾಕ್ಟರರಿಗೆ ಇಕ್ಕಟ್ಟು. ಇಸಿಜಿ ನೋಡಿದರೆ ಹೃದಯಾಘಾತ, ರಕ್ತ ತೆಳುವಾಗುವ ಔಷಧ ಕೊಡಬೇಕು. ರೋಗಿಯನ್ನು ನೋಡಿದರೆ ರಕ್ತ ನಿಲ್ಲುತ್ತಿಲ್ಲ, ಕೊಟ್ಟರೆ ಕೊಂದಂತೆ. ಯಾವ ಕಡೆ ಹೋಗಬೇಕು ಎನ್ನುವುದನ್ನು ಹೇಳಬೇಕಾದದ್ದು ಈ ಟ್ಯೂಬು.

ನಮ್ಮಲ್ಲಿ ಟ್ಯೂಬನ್ನು ಲ್ಯಾಬಿಗೆ ತರುವವರು ಹೆಚ್ಚಾಗಿ ರೋಗಿಯ ಮಂದಿಯೇ. ಇದನ್ನು ತಂದವರು ರೋಗಿಯ ಅಣ್ಣ. ಅರವತ್ತರ ಮೇಲಿನ ವಯಸ್ಸು, ಬಿಳಿ ರುಮಾಲು, ಹೆಗಲ ಮೇಲೆ ಕಂಬಳಿ. ಟ್ಯೂಬನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದುಕೊಂಡು ಬಂದಿದ್ದರು. ಅದು ಬೆಚ್ಚಗಿತ್ತು.

ಗಡ್ಡೆಯಾದ ರಕ್ತವನ್ನು ಪರೀಕ್ಷೆ ಮಾಡುವಂತಿಲ್ಲ. ಗಡ್ಡೆ ಕಟ್ಟಿಸುವ ಸರಕೆಲ್ಲ ಆ ಗಡ್ಡೆಯೊಳಗೇ ಖರ್ಚಾಗಿರುತ್ತದೆ. ಉಳಿದ ನೀರನ್ನು ಅಳೆದರೆ ಬರುವುದು ಸುಳ್ಳು ಲೆಕ್ಕ. ವಾಪಸು ಕಳಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು, ಹೊಸದು ಕೇಳಬೇಕು. ನಾನು ಚೀಟಿಯ ಮೇಲೆ ‘ಕ್ಲಾಟೆಡ್, ರಿಪೀಟ್’ ಎಂದು ಬರೆದೆ. ಅಷ್ಟೇ ಬರೆದು ಕೈಗೆ ಕೊಟ್ಟುಬಿಡುವವರು ಬಹಳ ಮಂದಿ. ನಾನು ಹಾಗೆ ಮಾಡುವವಳಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ಮುಟ್ಟಿದವಳು ನಾನೊಬ್ಬಳೇ. ನಮ್ಮೂರು ಯಳವತ್ತಿಯಿಂದ ಎರಡು ಬಸ್ಸು ಬದಲಿಸಿ ಹುಬ್ಬಳ್ಳಿಗೆ ಹೋಗಿ ಓದಿದವಳು. ಇಂಗ್ಲಿಷಿನಲ್ಲಿ ಬಾಯಿ ಬಿಟ್ಟಾಗಲೆಲ್ಲ ಕ್ಲಾಸಿನಲ್ಲಿ ಕಿಸಕ್ ಎಂದವರನ್ನು ಕಂಡಿದ್ದೇನೆ. ಕೆಲಸಕ್ಕೆ ಸೇರಿದ ದಿನವೇ ನಿಶ್ಚಯ ಮಾಡಿದ್ದೆ: ಲ್ಯಾಬಿನ ಈ ಕಿಟಕಿಗೆ ಬಂದ ನಮ್ಮ ಮಂದಿಗೆ ನಮ್ಮ ಮಾತಿನಲ್ಲಿಯೇ ತಿಳಿಸಿ ಹೇಳಬೇಕು, ಯಾರೂ ಬೆಪ್ಪಾಗಿ ಹೋಗಬಾರದು. ಅದು ನನ್ನ ದೊಡ್ಡ ಹೆಮ್ಮೆಯಾಗಿತ್ತು.

“ಅಣ್ಣಾರ, ಇದು ನಡಿಯಂಗಿಲ್ಲ. ರಕ್ತ ಗಡ್ಡಿ ಕಟ್ಟೈತ್ರಿ,” ಎಂದೆ.

“ಏನಂದಿ ಯವ್ವಾ?”

“ಗಡ್ಡಿ ಕಟ್ಟೈತಿ.”

“ಪೂರಾ?”

“ಪೂರಾ. ಇದರಾಗ ಇನ್ನ ನೋಡೂದು ಏನೂ ಉಳಿದಿಲ್ಲ. ಸಿಸ್ಟರ್‌ಗೆ ಹೇಳ್ರಿ, ಇನ್ನೊಮ್ಮಿ ತಗೀಬೇಕು.”

ಅವರು ಕಿಟಕಿಯ ಕಲ್ಲಿಗೆ ಕೈ ಊರಿದರು. ಕೊನೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಚೀಟಿಯನ್ನೂ ತೆಗೆದುಕೊಳ್ಳದೆ ತಿರುಗಿ ಹೊರಟುಹೋದರು. ಎಷ್ಟು ಸೊಕ್ಕು ಎಂದುಕೊಂಡೆ. ಹಿಂದೆ ಹತ್ತು ಜನ ನಿಂತಿದ್ದರು. ನಾನೇ ಐಸಿಯುಗೆ ಫೋನ್ ಮಾಡಿ ಸಿಸ್ಟರಿಗೆ ತಿಳಿಸಿದೆ, ಮುಂದಿನ ಟ್ಯೂಬು ಹಿಡಿದೆ.

ಎರಡನೆಯ ಟ್ಯೂಬು ಹನ್ನೊಂದೂವರೆಗೆ ಬಂತು. ತಂದವಳು ವಾರ್ಡಿನ ಆಯಾ.

“ಅಲ್ಲೆ ಬಾಳ ಗದ್ಲ ನಡದೈತ್ರಿ ಮೇಡಂ. ಸತ್ತಾವನ್ನ ಮಲಗಿಸಿ ಉಸರಿನ ಮಿಷನ್ ಹಚ್ಯಾರ ಅಂತ ಕುಂತಾರ ಅವರ ಮಂದಿ.”

“ಯಾರ ಹೇಳಿದ್ರಂತ?”

“ಯಾರೋ ಏನೋ. ಒಳಗಿನವರ ಹೇಳ್ಯಾರ ಅಂತಾರ.”

ಇಂಥ ಗದ್ದಲ ಐಸಿಯು ಮುಂದೆ ತಿಂಗಳಿಗೆ ಎರಡು ಸಲ ಇದ್ದದ್ದೇ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಟ್ಯೂಬು ಓರೆ ಮಾಡಿದೆ, ರಕ್ತ ಸರಾಗ ಹರಿಯಿತು. ಗೆರೆಯ ತನಕ ತುಂಬಿತ್ತು. ಹದಿನೈದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ಹಳದಿ ಪ್ಲಾಸ್ಮಾವನ್ನು ಯಂತ್ರಕ್ಕೆ ಕೊಟ್ಟೆ.

ಯಂತ್ರ ಮಾಡುವುದು ಇಷ್ಟೇ. ಪ್ಲಾಸ್ಮಾವನ್ನು ಮೈಯ ಶಾಖಕ್ಕೆ ಬಿಸಿ ಮಾಡಿ, ಗಡ್ಡೆ ಕಟ್ಟಿಸುವ ರಸಾಯನ ಸೇರಿಸಿ, ಎಷ್ಟು ಸೆಕೆಂಡಿಗೆ ಗಟ್ಟಿಯಾಯಿತು ಎಂದು ಎಣಿಸುತ್ತದೆ. ಗಡ್ಡೆ ಕಟ್ಟಲು ಮೈಯೊಳಗೆ ಎರಡು ದಾರಿಗಳಿವೆ. ಒಂದನ್ನು ನೋಡುವ ಪರೀಕ್ಷೆ ಪಿ.ಟಿ., ಸರಿಯಿದ್ದವರಿಗೆ ಹನ್ನೆರಡು ಹದಿಮೂರು ಸೆಕೆಂಡು. ಇನ್ನೊಂದನ್ನು ನೋಡುವುದು ಎ.ಪಿ.ಟಿ.ಟಿ., ಸುಮಾರು ಮೂವತ್ತು ಸೆಕೆಂಡು. ಈ ರೋಗಿಯ ಪಿ.ಟಿ. ಇಪ್ಪತ್ತೊಂದು ಬಂತು, ಹೃದಯ ನಿಂತು ಶುರುವಾದವರಲ್ಲಿ ಅದು ಅಚ್ಚರಿಯಲ್ಲ. ಆದರೆ ಎ.ಪಿ.ಟಿ.ಟಿ. ಬರಲೇ ಇಲ್ಲ. ಯಂತ್ರ ತನ್ನ ಮಿತಿಯ ತನಕ ಎಣಿಸಿ ‘ಗಡ್ಡೆ ಇಲ್ಲ’ ಎಂದು ಕೈಬಿಟ್ಟಿತು.

ಒಂದು ಅಷ್ಟು, ಇನ್ನೊಂದು ಇಷ್ಟು. ಹೊಂದಿಕೆಯಾಗಲಿಲ್ಲ. ಐಸಿಯುಗೆ ಫೋನ್ ಹಚ್ಚಿದೆ.

“ಸಿಸ್ಟರ್, ಈ ರಕ್ತ ಎಲ್ಲಿಂದ ತಗದ್ರಿ? ಕೈಗೆ ಚುಚ್ಚಿ ತಗದ್ರೋ, ಲೈನ್‌ನಿಂದ ತಗದ್ರೋ?”

“ಲೈನ್‌ನಿಂದ್ರಿ. ಮತ್ತ ಎಲ್ಲಿಂದ ತಗೀಲಿ? ಚುಚ್ಚಿದಲ್ಲೆಲ್ಲಾ ಸೋರಾಕ ಹತ್ತೈತಿ. ಮೊದಲನೇದು ಚುಚ್ಚಿ ತಗದಾಗ ಹನಿ ಹನಿ ಬಂತು, ನೀವು ಗಡ್ಡಿ ಅಂತ ವಾಪಸ ಕಳಸಿದ್ರಿ.”

“ಆ ಲೈನಿಗೆ ಹೆಪಾರಿನ್ ನೀರು ಬಿಟ್ಟೀರಿ ಹೌದಲ್ಲೋ?”

“ಅಯ್ಯ, ಹೌದ್ರಿ.”

ಹೆಪಾರಿನ್ ಎಂದರೆ ಗಡ್ಡೆ ಕಟ್ಟದಂತೆ ಮಾಡುವ ಔಷಧವೇ. ನಾಳದಲ್ಲಿಟ್ಟ ಕೊಳವೆ ಮುಚ್ಚಿಕೊಳ್ಳದಿರಲಿ ಎಂದು ಒಂದಿಷ್ಟು ಬಿಟ್ಟಿರುತ್ತಾರೆ. ಅದರ ನಾಲ್ಕು ಹನಿ ಟ್ಯೂಬಿಗೆ ಬಿದ್ದರೆ ನಾನು ಅಳೆಯುವುದು ರೋಗಿಯ ರಕ್ತವನ್ನಲ್ಲ, ಆ ಹನಿಗಳನ್ನು. ಸಿಸ್ಟರಿನ ತಪ್ಪು ಎನ್ನಲು ಮನಸ್ಸಾಗುವುದಿಲ್ಲ, ಆಕೆ ರೋಗಿ ಸೋರದಂತೆ ನೋಡಿಕೊಂಡಿದ್ದಳು. ಆದರೆ ಎರಡನೆಯ ಟ್ಯೂಬೂ ಹೋಯಿತು. ರಿಪೋರ್ಟನ್ನು ತಡೆದಿಟ್ಟೆ. ಇನ್ನು ನಾನೇ ಹೋಗಿ ತೆಗೆಯಬೇಕು ಎಂದು, ಹೊಸ ಟ್ಯೂಬು, ಸಿರಿಂಜು ಹಿಡಿದು ಮೆಟ್ಟಿಲು ಹತ್ತಿದೆ.

ಐಸಿಯು ಬಾಗಿಲ ಮುಂದೆ ಏಳೆಂಟು ಮಂದಿ. ರೋಗಿಯ ಹೆಂಡತಿ ಗೋಡೆಗೆ ಒರಗಿ ನೆಲಕ್ಕೆ ಕುಳಿತಿದ್ದಳು. ಬೆಂಚಿನ ಮೇಲೆ ಒಂದು ಫಾರ್ಮು: ಡಾಕ್ಟರರ ಸಲಹೆ ಮೀರಿ ನಮ್ಮ ಜವಾಬ್ದಾರಿಯ ಮೇಲೆ ಒಯ್ಯುತ್ತೇವೆ ಎಂದು ಬರೆದುಕೊಡುವುದು. ಕೆಳಗೆ ಗೇಟಿನಲ್ಲಿ ಗಾಡಿ ಬಂದು ನಿಂತಿದೆ ಎಂದು ಯಾರೋ ಹೇಳುತ್ತಿದ್ದರು. ಡಾಕ್ಟರು ಬಾಗಿಲಿಗೆ ಅಡ್ಡ ನಿಂತಿದ್ದರು.

“ನಾ ಮೂರು ಸಲ ಹೇಳೀನಿ ಯಜಮಾನ್ರ. ಅವರ ಕಣ್ಣಿಗೆ ಬ್ಯಾಟ್ರಿ ಹಿಡದ್ರ ಕಣ್ಣಪಾಪಿ ಸಣ್ಣ ಆಗತಾವ. ಮೆದುಳು ಇನ್ನೂ ಕೆಲಸ ಮಾಡಾಕ ಹತ್ತೈತಿ. ಮಿಷನ್ ತಗದ್ರ ಗೇಟ್ ದಾಟೂದ್ರಾಗ ಮುಗೀತು.”

“ಮುಗದೈತ್ರಿ ಸಾಹೇಬ್ರ. ನಮಗ ಖಬರ್ ಆಗೇತಿ,” ಎಂದರು ಅಣ್ಣ. ಆಮೇಲೆ ನನ್ನನ್ನು ನೋಡಿದರು. “ಇಕಾ, ಈ ತಂಗೀನ ಹೇಳಿದ್ಲು. ಈಕಿಯೊಬ್ಬಾಕಿ ಖರೆ ಹೇಳಿದ್ಲು ನೋಡ್ರಿ ಇಡೀ ದವಾಖಾನ್ಯಾಗ.”

“ನಾ ಏನ ಹೇಳಿದ್ನಿರಿ?”

“ರಕ್ತ ಪೂರಾ ಗಡ್ಡಿ ಕಟ್ಟೈತಿ, ಇನ್ನ ಉಳಿದಿಲ್ಲ ಅಂದಿ.”

ಟ್ಯೂಬಿನಲ್ಲಿ ಎನ್ನುವ ಒಂದು ಮಾತನ್ನು ನಾನು ಹೇಳಿರಲಿಲ್ಲ. ಹೇಳಬೇಕು ಎಂದು ಹೊಳೆದಿರಲೂ ಇಲ್ಲ.

“ಅಣ್ಣಾರ, ಗಡ್ಡಿ ಕಟ್ಟಿದ್ದು ಬಾಟ್ಲ್ಯಾಗ್ರಿ. ನಿಮ್ಮ ತಮ್ಮನ ಮೈಯಾಗ ಅಲ್ಲ.”

“ಬಾಟ್ಲ್ಯಾಗಿನ ರಕ್ತ ಯಾರ್ದು? ಅವಂದ ಅಲ್ಲೇನು?”

“ಅವರದ ಖರೆ. ಆದ್ರ ಹೊರಗ ಬಂದ ಮ್ಯಾಲ ಎಲ್ಲಾರ ರಕ್ತಾನೂ ಕಟ್ಟತೈತಿ. ನಂದೂ ಕಟ್ಟತೈತಿ, ನಿಮ್ದೂ ಕಟ್ಟತೈತಿ.”

ಅವರು ತಲೆ ಅಲ್ಲಾಡಿಸಿದರು. ಸಿಟ್ಟಿರಲಿಲ್ಲ. ನನಗೆ ತಿಳಿಸಿ ಹೇಳುವ ತಾಳ್ಮೆ ಅವರಲ್ಲಿತ್ತು.

“ಕೇಳ ಯವ್ವಾ. ನಾ ಹುಟ್ಟಿದಾಗಿಂದ ಕುರ್ಯಾಗ ಇದ್ದಾವ. ಕುರಿ ಕೊಯ್ದಾಗ ಕೆಳಗ ತಾಟ ಇಡ್ತೀವಿ. ಅದು ಕಾಲ ಝಾಡಸೂ ತನಕ ತಾಟಿನ್ಯಾಗ ರಕ್ತ ಹರದಾಡತಿರತೈತಿ. ಕಾಲ ನಿಂತು, ಜೀವ ಹೋತು ಅಂದ ಮ್ಯಾಲ ನೋಡು, ಗಡ್ಡಿ ಕಟ್ಟತೈತಿ. ಚಾಕುಲೆ ತುಂಡ ಮಾಡಿ ಹುರೀತೀವಿ. ಜೀವ ಇದ್ದ ರಕ್ತ ಗಡ್ಡಿ ಕಟ್ಟಿದ್ದು ನಾ ನೋಡಿಲ್ಲ.”

“ಮತ್ತ ಗಾಯ ಆದಾಗ ಕಟ್ಟಂಗಿಲ್ಲೇನ್ರಿ?”

“ಗಾಯದ ಮ್ಯಾಲ ಒಣಗತೈತಿ. ಅದು ಹೊಪ್ಪಳಿಕಿ. ಅದು ಬ್ಯಾರೆ.”

ಹೆಂಡತಿ ಕುಳಿತಲ್ಲಿಂದಲೇ ಅಂದಳು: “ಬಿಡ್ರಿ ಭಾವಾರ. ಕೈ ಮುಟ್ಟಿ ನೋಡೀನಿ, ತಣ್ಣಗ ಐತಿ. ಅತ್ತಿ ಹಾದಿ ಕಾಯಾಕ ಹತ್ತ್ಯಾರ. ಬಾಯಾಗ ಎರಡ ಹನಿ ನೀರರ ಬೀಳ್ಲಿ ಅವರ ಕೈಲೆ.”

ಹಮ್ಮಿಗಿಯಲ್ಲಿದ್ದ ರೋಗಿಯ ತಾಯಿ ಮಂಡಿ ನೋವಿನಿಂದ ಪ್ರಯಾಣ ಮಾಡಲಾರಳಂತೆ. ಮಗ ಸತ್ತಿದ್ದರೆ ಸತ್ತವನನ್ನೇ ತನ್ನಿ, ಮಿಷನ್ನಿಗೆ ಕಟ್ಟಿ ಇಡಬೇಡಿ ಎಂದು ಫೋನಿನಲ್ಲಿ ಹೇಳಿದ್ದಳಂತೆ. ಕೈ ತಣ್ಣಗಿದ್ದದ್ದೂ ಸುಳ್ಳಲ್ಲ. ಮಿದುಳು ಉಳಿಯಲಿ ಎಂದು ಡಾಕ್ಟರರೇ ಮೈಯ ಶಾಖ ಏರದಂತೆ ಹಿಡಿದಿದ್ದರು. ಅದನ್ನೂ ಅವರಿಗೆ ಹೇಳಿದವರಿರಲಿಲ್ಲ, ಅಥವಾ ಹೇಳಿದ್ದು ತಲುಪಿರಲಿಲ್ಲ.

ನಾನು ಒಳಗೆ ಹೋದೆ. ಹೆಪಾರಿನ್ ಇಲ್ಲದ ಇನ್ನೊಂದು ಕೈ ಹುಡುಕಿ, ಮೊಣಕೈ ಮಡಿಕೆಯಲ್ಲಿ ಒಳ್ಳೆಯ ನಾಳ ಹಿಡಿದು ಒಂದೇ ಏಟಿಗೆ ಚುಚ್ಚಿದೆ. ಮೊದಲ ರಕ್ತವನ್ನು ಚೆಲ್ಲಿದೆ. ನೀಲಿ ಟ್ಯೂಬು ಗೆರೆಗೆ ಸರಿಯಾಗಿ ತುಂಬಿ ಐದು ಸಲ ತಿರುವಿದೆ. ಪ್ಲೇಟ್‌ಲೆಟ್ ಎಣಿಕೆಗೆ ನೇರಳೆ ಮುಚ್ಚಳದ್ದು ಇನ್ನೊಂದು. ಎರಡನ್ನೂ ಆಯಾಳ ಕೈಗೆ ಕೊಟ್ಟು, “ನಮ್ಮ ಲ್ಯಾಬಿನವರಿಗೆ ಕೊಡು, ಈಗಿಂದೀಗ ತಿರಗಸಾಕ ಹೇಳು,” ಎಂದೆ. ಸಿರಿಂಜಿನಲ್ಲಿ ಇನ್ನೂ ಎರಡು ಎಂ.ಎಲ್. ಉಳಿದಿತ್ತು.

“ಸರ್, ಗಾಜಿನ ಬಾಟ್ಲ್ಯಾಗ ಹಾಕಿ ಇಪ್ಪತ್ತು ನಿಮಿಷ ಇಡ್ಲ್ಯಾ?” ಎಂದು ಡಾಕ್ಟರರನ್ನು ಕೇಳಿದೆ.

ಹಾವು ಕಡಿದವರಿಗೆ ನಾವು ಮಾಡುವ ಪರೀಕ್ಷೆ ಅದು. ಒಣಗಿದ ಸ್ವಚ್ಛ ಗಾಜಿನ ಟ್ಯೂಬಿನಲ್ಲಿ ಬರೀ ರಕ್ತ, ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಒಮ್ಮೆ ಓರೆ ಮಾಡುವುದು. ಗಡ್ಡೆಯಾಗಿದ್ದರೆ ಸರಿ. ಹರಿದರೆ ಗಡ್ಡೆ ಕಟ್ಟುವ ಶಕ್ತಿ ಹೋಗಿದೆ ಎಂದು ಅರ್ಥ. ಯಂತ್ರದ ರಿಪೋರ್ಟು ಬರಲು ಮುಕ್ಕಾಲು ತಾಸು ಬೇಕು, ಇದು ಬೇಗ ಸುಳಿವು ಕೊಡುತ್ತದೆ.

“ಇಡ್ರಿ. ಪ್ಲಾಸ್ಮಾ ತರಿಸಿ ಏರಸಬೇಕೋ ಬ್ಯಾಡೋ ನನಗೂ ಜಲ್ದಿ ಗೊತ್ತಾಗಬೇಕು,” ಎಂದರು ಡಾಕ್ಟರು.

ಅಲ್ಲಿಯೇ ಟ್ರೇಯಲ್ಲಿ ಇಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟುಕೊಂಡು ಹೊರಗೆ ಬಂದೆ. ರೋಗಿಯ ರಕ್ತವನ್ನು ಹಾಗೆ ಮಂದಿಯ ಮುಂದೆ ತರುವುದು ತಪ್ಪು, ಗೊತ್ತಿತ್ತು. ಆದರೆ ನನ್ನ ಮಾತಿನಿಂದ ಆದದ್ದನ್ನು ನಾನೇ ಸರಿ ಮಾಡಬೇಕಿತ್ತು. ಇನ್ನೂ ಖರೆ ಹೇಳಬೇಕೆಂದರೆ, ಅವರ ತಾಟಿನ ಮುಂದೆ ನನ್ನ ಓದು ಸೋಲಬಾರದು ಎಂದು ಹಟ ಹುಟ್ಟಿತ್ತು. ಐಸಿಯು ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಸ್ಟ್ಯಾಂಡು ಇಟ್ಟೆ.

“ಅಣ್ಣಾರ, ಇದು ಈಗ, ನನ್ನ ಕೈಲೆ ತಗದ ರಕ್ತ. ಇಪ್ಪತ್ತು ನಿಮಿಷ ಇಲ್ಲೇ ನಿಂದರ್ರಿ. ಯಾರೂ ಮುಟ್ಟಬ್ಯಾಡ್ರಿ. ಆಮ್ಯಾಲ ಸಹಿ ಮಾಡೂದು ಬಿಡೂದು ನಿಮ್ಮದು.”

“ಆತು,” ಎಂದು ಅವರು ಟ್ಯೂಬಿನ ಎದುರಿಗೇ ಕುಕ್ಕರುಗಾಲಿನಲ್ಲಿ ಕುಳಿತರು.

ಅವರ ಜೊತೆ ಬಂದಿದ್ದ ಮುದುಕನೊಬ್ಬ ಬಗ್ಗಿ ನೋಡಿ, “ಉಸರ ಬಿಡಬ್ಯಾಡ್ರಲೇ ಅದರ ಮ್ಯಾಲ. ಮೊಸರಿಗೆ ಹೆಪ್ಪ ಹಾಕ್ಯಾಳ ಆಕಿ,” ಎಂದ. ಒಬ್ಬಿಬ್ಬರು ನಕ್ಕುಬಿಟ್ಟರು. ಹೆಂಡತಿಯ ಮುಖ ನೋಡಿ ಸುಮ್ಮನಾದರು.

ಐದು ನಿಮಿಷ ಕಳೆದಿರಬೇಕು, ಆಗ ನನಗೆ ಅರಿವಾಯಿತು, ನಾನು ಏನು ಪಣಕ್ಕೆ ಇಟ್ಟಿದ್ದೇನೆ ಎಂದು. ರಕ್ತ ಗಡ್ಡೆ ಕಟ್ಟಿದರೆ ರೋಗಿಗೆ ಒಳ್ಳೆಯದು, ಆದರೆ ಇವರ ಕಣ್ಣಿಗೆ ಅದು ಸಾವು. ಫಾರ್ಮಿಗೆ ಸಹಿ ಬೀಳುತ್ತದೆ. ಕಟ್ಟದೆ ಹರಿದರೆ ಇವರ ಕಣ್ಣಿಗೆ ಜೀವ, ರೋಗಿಗೆ ಕೇಡು. ಯಾವುದು ಬರಲಿ ಎಂದು ನಾನು ಬಯಸಬೇಕು? ಹೃದಯ ನಿಂತು ಶುರುವಾದವರಲ್ಲಿ ಏನಾಗುತ್ತದೆ ಎಂದು ಓದಿದ್ದೇನೆ. ರಕ್ತ ಓಡದೆ ನಿಂತಾಗ ನಾಳಗಳ ಒಳಗೋಡೆ ಹಾಳಾಗುತ್ತದೆ. ಮತ್ತೆ ಓಡಲು ಶುರುವಾದಾಗ ಮೈತುಂಬ ಕಣ್ಣಿಗೆ ಕಾಣದ ಗಡ್ಡೆಗಳು ಕಟ್ಟತೊಡಗುತ್ತವೆ. ಹಾಗೆ ಕಟ್ಟಿ ಕಟ್ಟಿ, ಕಟ್ಟುವ ಸರಕೇ ಮುಗಿದುಹೋಗುತ್ತದೆ. ಆಮೇಲೆ ಎಲ್ಲಿ ತೂತಿದೆಯೋ ಅಲ್ಲಿ ಸೋರಿಕೆ. ಒಳಗಿದ್ದವನ ವಸಡು ಅದನ್ನೇ ಹೇಳುತ್ತಿತ್ತು.

ಇಪ್ಪತ್ತು ನಿಮಿಷವಾಯಿತು. ಅಣ್ಣ ಎದ್ದು ನಿಂತರು. ನಾನು ಟ್ಯೂಬನ್ನು ಎರಡು ಬೆರಳಲ್ಲಿ ಹಿಡಿದು ಓರೆ ಮಾಡಿದೆ.

ನೀರಿನಂತೆ ಹರಿಯಿತು.

“ಹರೀತು!” ಎಂದರು ಅವರು. “ಹರೀತು ನೋಡಬೇ! ಅದಾನ ನನ ತಮ್ಮ!” ಹೆಂಡತಿ ಎದ್ದುಬಂದು ನನ್ನ ಕೈಗೆ ಹಣೆ ಹಚ್ಚಿದಳು. ಒಬ್ಬ ಫೋನು ತೆಗೆದು ಹಮ್ಮಿಗಿಗೆ ಹಚ್ಚಿಯೇಬಿಟ್ಟ: “ಆಯೀ, ರಕ್ತ ಹರಿಯಾಕ ಹತ್ತೈತಿ, ನಮ್ಮ ಕಣ್ಣಲೆ ನೋಡಿದ್ವಿ.” ಅಣ್ಣ ಬೆಂಚಿನ ಮೇಲಿನ ಫಾರ್ಮನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡರು.

ನಾನು ಬಾಯಿ ತೆರೆದೆ. ಮುಚ್ಚಿದೆ. ಡಾಕ್ಟರು ಬಾಗಿಲಿಂದ ಟ್ಯೂಬನ್ನೂ ನನ್ನನ್ನೂ ನೋಡಿ ಒಳಗೆ ಹೋದರು. ಅವರು ನನ್ನ ಬಾಯಿ ಮುಚ್ಚಿಸಲಿಲ್ಲ, ಅದನ್ನು ನಾನೇ ಮುಚ್ಚಿಕೊಂಡದ್ದು. ಈಗ ಖರೆ ಹೇಳಿದರೆ ಒಯ್ಯುತ್ತಾರೆ, ಇಲ್ಲೇ ಇದ್ದರೆ ಪ್ಲಾಸ್ಮಾ ಕೊಟ್ಟು ನೋಡಬಹುದು, ಬೆಳಕಿಗೆ ಪಾಪೆಗಳು ಇನ್ನೂ ಸಣ್ಣವಾಗುತ್ತಿವೆ. ಇಷ್ಟನ್ನು ಒಂದು ಉಸಿರಿನಲ್ಲಿ ಲೆಕ್ಕ ಹಾಕಿದೆ. ತಪ್ಪಾಗಿ ಹೇಳಿ ಕೆಡಿಸಿದ್ದೆ, ಈಗ ಹೇಳದೆ ಸರಿಪಡಿಸಿದೆ ಎಂದೂ ಅನ್ನಿಸಿತು.

ಲ್ಯಾಬಿಗೆ ಇಳಿದುಬಂದಾಗ ಮೂರನೆಯ ಟ್ಯೂಬಿನ ಲೆಕ್ಕ ಬರತೊಡಗಿತ್ತು. ಪಿ.ಟಿ. ಮೂವತ್ತೊಂದು. ಎ.ಪಿ.ಟಿ.ಟಿ. ಎಪ್ಪತ್ತೆಂಟು, ಈ ಸಲ ಬಂತು, ಎರಡನೆಯ ಟ್ಯೂಬಿನದು ಹೆಪಾರಿನ್ ಆಟವೇ ಆಗಿತ್ತು. ಗಡ್ಡೆಗೆ ನೂಲು ನೇಯುವ ಫೈಬ್ರಿನೋಜೆನ್ ಇನ್ನೂರಕ್ಕಿಂತ ಹೆಚ್ಚಿರಬೇಕು, ಎಪ್ಪತ್ತಿತ್ತು. ಒಂದೂವರೆ ಲಕ್ಷವಾದರೂ ಇರಬೇಕಾದ ಪ್ಲೇಟ್‌ಲೆಟ್ ಮೂವತ್ತೆಂಟು ಸಾವಿರ. ಕಟ್ಟಿದ ಗಡ್ಡೆ ಕರಗಿದಾಗ ಉಳಿಯುವ ಚೂರುಗಳನ್ನು ಅಳೆಯುವ ಡಿ-ಡೈಮರ್ ಯಂತ್ರದ ಮಿತಿ ದಾಟಿತ್ತು. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಲ್ಲಲ್ಲಿ ಹರಿದ ಕೆಂಪು ಕಣಗಳು. ಯಂತ್ರ ಇವನ್ನೆಲ್ಲ ಬೆಚ್ಚಗೆ ಮಾಡಿ ಅಳೆದದ್ದು, ತಂಪು ಮೈಯೊಳಗಿನ ಸ್ಥಿತಿ ಇದಕ್ಕಿಂತಲೂ ಕೆಟ್ಟದ್ದೇ. ಡಾಕ್ಟರರಿಗೆ ನಾನೇ ಫೋನಿನಲ್ಲಿ ಒಂದೊಂದಾಗಿ ಓದಿದೆ. ಅವರು ಒಂದೊಂದಾಗಿ ತಿರುಗಿ ಹೇಳಿದರು.

ರಕ್ತ ತೆಳು ಮಾಡುವ ಔಷಧ ಕೈಬಿಟ್ಟರು. ಗಡ್ಡೆ ಕಟ್ಟಿಸುವ ಸರಕಿರುವ, ದಾನಿಗಳ ರಕ್ತದಿಂದ ತೆಗೆದು ಹಿಮಗಟ್ಟಿಸಿಟ್ಟ ಪ್ಲಾಸ್ಮಾ ಕರಗಿಸಲು ಹೇಳಿದರು, ಅದಕ್ಕೆ ಅರ್ಧ ತಾಸು. ಫೈಬ್ರಿನೋಜೆನ್ ಹೆಚ್ಚಿರುವ ಕ್ರಯೋ ಗದಗಿನಲ್ಲಿ ಸಿಗಲಿಲ್ಲ, ಹುಬ್ಬಳ್ಳಿಗೆ ಗಾಡಿ ಹೋಯಿತು. ಮನೆಗೆ ಹೆಣ ಒಯ್ಯಲು ಬಂದಿದ್ದ ಗಾಡಿಯೇ ಹೋಯಿತು. ಹಮ್ಮಿಗಿಯಿಂದ ರಕ್ತ ಕೊಡಲು ಒಂದು ಟೆಂಪೋ ತುಂಬ ಮಂದಿ ಬಂದರು. ಅಣ್ಣ ನನ್ನ ಕಿಟಕಿಗೆ ಬಂದು, “ತಂಗೀ, ನಂದೂ ತಗೋಳಾಕ ಹೇಳು, ಹರಿಯೂ ರಕ್ತ ಐತಿ,” ಎಂದು ನಕ್ಕರು. ವಯಸ್ಸು ನೋಡಿ ನಾನು ಬೇಡವೆಂದೆ.

ಸಂಜೆ ಆರಕ್ಕೆ ಮತ್ತೆ ರಕ್ತ ತೆಗೆದೆವು. ಪಿ.ಟಿ. ಹತ್ತೊಂಬತ್ತು, ಫೈಬ್ರಿನೋಜೆನ್ ನೂರ ನಲವತ್ತು. ವಸಡಿನ ರಕ್ತ ನಿಂತಿತ್ತು. ಚುಚ್ಚಿದ ಜಾಗಗಳು ಒಣಗಿದ್ದವು. ಆ ಸಂಜೆ ನನ್ನಷ್ಟು ಸಂತೋಷದಲ್ಲಿ ಯಾರೂ ಇರಲಿಲ್ಲ. ಮೂರು ಟ್ಯೂಬು ಹಿಡಿದು ಒಬ್ಬ ಮನುಷ್ಯನನ್ನು ಗೇಟಿನಿಂದ ಒಳಗೆ ಎಳೆದುಕೊಂಡೆ ಎಂದು ಎದೆ ಉಬ್ಬಿಸಿಕೊಂಡೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಒಂದು ಪಾಪೆ ಬೆಳಕಿಗೆ ಅಲುಗಲಿಲ್ಲ. ಸ್ಕ್ಯಾನಿನಲ್ಲಿ ಮಿದುಳಿನೊಳಗೆ ರಕ್ತ ಹರಡಿದ್ದು ಕಂಡಿತು. ಅದು ಯಾವ ಗಳಿಗೆಯಲ್ಲಿ ಸೋರತೊಡಗಿತ್ತು ಎಂದು ಯಾರೂ ಹೇಳಲಾರರು. ನಾನು ಕಿಟಕಿಯ ಕಟ್ಟೆಯ ಮುಂದೆ ಇಪ್ಪತ್ತು ನಿಮಿಷ ಎಣಿಸುತ್ತಿದ್ದಾಗಲೇ ಇರಬಹುದು, ಮೊದಲ ಎರಡು ಟ್ಯೂಬು ಕೆಟ್ಟ ಹೊತ್ತಿನಲ್ಲಿ ಇರಬಹುದು. ನನ್ನ ಲೆಕ್ಕಗಳು ಮಾತ್ರ ದಿನದಿನಕ್ಕೂ ಚೆನ್ನಾಗುತ್ತಲೇ ಇದ್ದವು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಪಿ.ಟಿ. ಹದಿನೈದಕ್ಕೆ ಇಳಿದಿತ್ತು. ಆ ರಿಪೋರ್ಟಿಗೆ ಸಹಿ ಹಾಕಿ ಮೇಲೆ ಕಳಿಸಿದೆ. ಅದು ತಲುಪುವುದರೊಳಗೆ ಹೃದಯ ಎರಡನೆಯ ಸಲ ನಿಂತಿತ್ತು. ಮತ್ತೆ ಎದೆ ಒತ್ತಿದರು, ಈ ಸಲ ಬಡಿತ ಮರಳಲಿಲ್ಲ. ಮನೆಯವರನ್ನು ಹೊರಗೆ ನಿಲ್ಲಿಸಿದ್ದರು. ಅವನ ಬಾಯಲ್ಲಿ ಪೈಪಿತ್ತು. ನೀರು ಬಿಡಲು ಜಾಗವಿರಲಿಲ್ಲ, ಬಿಡಬೇಕಾದ ತಾಯಿ ಅಲ್ಲಿರಲೂ ಇಲ್ಲ.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಟ್ಯೂಬು ಕೆಟ್ಟಿದ್ದನ್ನು ರೋಗಿಯ ಮಂದಿಗೆ ಹೇಳಬಾರದು, ವಾರ್ಡಿಗೇ ತಿಳಿಸಬೇಕು ಎಂದು ನಿಯಮ ಮಾಡಿರೆಂದು ಆಡಳಿತದವರಿಗೆ ಬರೆದುಕೊಟ್ಟೆ. “ಇಷ್ಟಕ್ಕೆಲ್ಲ ಸರ್ಕ್ಯುಲರ್ ಯಾಕ್ರಿ, ನೀವು ಸ್ವಲ್ಪ ಕಡಿಮಿ ಮಾತಾಡಿದ್ರ ಸಾಕು,” ಎಂದರು. ಅದು ಹಾಗೆಯೇ ಉಳಿಯಿತು. ಇನ್ನೊಂದು, ‘ಗಡ್ಡಿ’ ಎನ್ನುವುದನ್ನು ಬಿಟ್ಟೆ. ಈಗ “ಬಾಟ್ಲಿ ಕೆಟ್ಟೈತ್ರಿ, ಇನ್ನೊಂದು ಬೇಕು,” ಎನ್ನುತ್ತೇನೆ. ಬಾಟಲಿ ಕೆಟ್ಟರೆ ಯಾರೂ ಅಳುವುದಿಲ್ಲ.

ಒಂದು ತಿಂಗಳ ಮೇಲೆ ಅಣ್ಣ ಬಂದರು. ವಿಮೆಗೆ ರಿಪೋರ್ಟುಗಳ ನಕಲು ಬೇಕಾಗಿತ್ತು. ತೆಗೆದು ಜೋಡಿಸಿದೆ. ಅವರು ಒಂದೊಂದು ಹಾಳೆಯನ್ನೂ ತಿರುವಿದರು. ಓದಲು ಬರುತ್ತಿರಲಿಲ್ಲ, ಆದರೂ ತಿರುವಿದರು.

“ಗಾಜಿನ ಬಾಟ್ಲೀದು ಯಾವದಿದ್ರಾಗ?”

“ಅದು ಇದ್ರಾಗ ಇಲ್ಲರಿ. ಅದನ್ನ ಬರದಿಲ್ಲ.”

“ಲಕ್ಷ್ಮೇಶ್ವರದಾಗ ನಮ್ಮ ಹುಡುಗಿ ಕೊಟ್ಟ ಮನಿ ಐತಿ. ಅಳಿಯ ಔಷಧ ಅಂಗಡಿ ಇಟ್ಟಾನ. ಅವ ಬ್ಯಾರೆನ ಹೇಳ್ತಾನ. ನೀ ಹೇಳು. ಅವತ್ತ ಹರದದ್ದು ಚಲೋ ಇತ್ತೋ, ಕೆಟ್ಟ ಇತ್ತೋ?”

ಸುಳ್ಳು ಹೇಳಲು ಅವಕಾಶವಿತ್ತು. ಹಿಂದೆ ಸಾಲು ಇತ್ತು, ಗದ್ದಲವಿತ್ತು.

“ಕೆಟ್ಟ ಇತ್ರಿ.”

“ನಿಂಗ ಗೊತ್ತಿತ್ತು?”

“ಗೊತ್ತಿತ್ರಿ.”

ಅವರು ಬೈಯಲಿಲ್ಲ. ಫೋನು ತೆಗೆದು, ಗುಂಡಿ ಒತ್ತಿ, ಕಿವಿಗೆ ಹಿಡಿದರು. “ಯವ್ವಾ, ನಾ. ದವಾಖಾನ್ಯಾಗದೀನಿ. ಆಕಿ ಅದಾಳ, ಕೊಡ್ತೀನಿ, ತಡಿ.” ಫೋನನ್ನು ಕಿಟಕಿಯೊಳಗೆ ಚಾಚಿದರು. “ನಮ್ಮವ್ವ. ದಿನಾ ಕೇಳ್ತಾಳ, ಹರೀತು ಅಂದ್ರಿ, ಮತ್ಯಾಕ ಹೋದ ಅಂತ. ನನಗ ಹೇಳಾಕ ಬರವಲ್ದು. ನೀನ ಹೇಳು.”

ಗ್ಲೌಸು ತೆಗೆದು ಫೋನು ಹಿಡಿದೆ. ಆ ಕಡೆ ಕುರಿಗಳ ಸದ್ದು, ಆಮೇಲೆ ಒಂದು ಸಣ್ಣ ದನಿ: “ಯಾರಬೇ?”

“ಲ್ಯಾಬಿನಾಕಿರಿ ಆಯಿ. ಅವತ್ತ ರಕ್ತ ತೋರಿಸಿದಾಕಿ.” ಮುಂದಿನ ಮಾತಿಗೆ ತಡಕಾಡಿದೆ. “ರಕ್ತ ಹರದದ್ದು ಚಲೋದಕ್ಕಲ್ರಿ. ನಿಮ್ಮ ಮಗನ ರಕ್ತದಾಗಿನ ಕಟ್ಟೂ ಶಕ್ತಿ ಹೋಗಿತ್ತು. ನನಗ ತಿಳದಿತ್ತು. ನಿಮ್ಮವರಿಗೆ ನಾ ಹೇಳಲಿಲ್ಲ.”

“ಯಾಕ ಹೇಳಲಿಲ್ಲ?”

“ಹೇಳಿದ್ರ ಒಯ್ತಿದ್ರು. ಇಲ್ಲೇ ಇಟ್ಕೊಂಡ್ರ ಉಳೀಬಹುದು ಅಂತ ಅನ್ಕೊಂಡಿದ್ನಿ.”

ಫೋನು ಇಟ್ಟಳೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇಟ್ಟಿರಲಿಲ್ಲ.

“ನೀ ಅನ್ಕೊಂಡಿ,” ಎಂದಳು. “ನಮಗ ಅನ್ಕೊಳ್ಳಾಕ ಬಿಡಲಿಲ್ಲ.”

ಅಣ್ಣ ಕೈ ಚಾಚಿದರು, ಫೋನು ಕೊಟ್ಟೆ. ಆಕೆ ಏನಂದಳು ಎಂದು ಅವರು ಕೇಳಲಿಲ್ಲ. ರಿಪೋರ್ಟುಗಳನ್ನು ನನ್ನ ಕಡೆ ಸರಿಸಿ, “ಇದಕ್ಕ ಸಿಕ್ಕಾ ಬೇಕಂತ ಯವ್ವಾ, ಎಲ್ಲಾ ಹಾಳಿಗೂ,” ಎಂದರು. ಎಲ್ಲ ಹಾಳೆಗೂ ಲ್ಯಾಬಿನ ಮೊಹರು ಒತ್ತಿದೆ. ಹದಿನಾಲ್ಕು ಹಾಳೆಗಳಿದ್ದವು.